ಮಾವನಿಗಾಗಿ ಕೂರಿಸಿದ ವಾಲ್

ನಾನು ಸೊಸೆಯಾಗಿ ಹುಮನಾಬಾದಿಗೆ ಬಂದ ಹೊಸದರಲ್ಲಿ, ಕಾಯಿಪಲ್ಲೆ ತರಲು ಬಜಾರಿಗೆ ಹೋದರೆ ಹೆಂಗಸರು ನನ್ನನ್ನು ನೋಡಿ ‘ಇಕಿ ನಳ ಬಿಡೋರ ಸೊಸಿ’ ಎಂದು ತಮ್ಮತಮ್ಮಲ್ಲೇ ಹೇಳಿಕೊಳ್ಳುತ್ತಿದ್ದರು. ಮಾವನ ಹೆಸರು ಬಹಳ ಜನಕ್ಕೆ ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಊರಿಗೆ ನೀರು ಬಿಡುವವರು ಅವರು. ರಸ್ತೆಯ ಮೂಲೆಗಳಲ್ಲಿ, ಕಲ್ಲು ಮುಚ್ಚಿದ ಗುಂಡಿಗಳಲ್ಲಿ, ಒಂದೊಂದು ಓಣಿಗೆ ನೀರು ತೆರೆದು ಮುಚ್ಚುವ ಒಂದೊಂದು ವಾಲ್ ಇರುತ್ತಿತ್ತು. ಅಡ್ಡ ಹಿಡಿಕೆಯ, ಎದೆಯೆತ್ತರದ ಕಬ್ಬಿಣದ ಚಾವಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಅವರು ಒಂದೊಂದಾಗಿ ಅವುಗಳನ್ನು ತಿರುವುತ್ತ ಹೋಗುತ್ತಿದ್ದರು. ತಿರುವಿದ ಮೇಲೆ ಚಾವಿಯ ಹಿಡಿಕೆಗೆ ಕಿವಿ ಹಚ್ಚಿ ನಿಲ್ಲುವರು. ಕೊಳವೆಯೊಳಗಿನ ಸದ್ದು ಕೇಳಿಯೇ ನೀರು ಎಲ್ಲಿಯವರೆಗೆ ಮುಟ್ಟಿದೆ ಎಂದು ಹೇಳುವರು. ಅದು ನಿಜವೋ ಬರೀ ಗತ್ತೋ ಎಂದು ನನಗೆ ಅನುಮಾನವಿತ್ತು. ಒಮ್ಮೆ ಕೇಳಿದ್ದಕ್ಕೆ, ‘ಮೊದಲ ಮನಿಗೆ ನೀರು ಯಾರರ ಬಿಡ್ತಾರ ಯವ್ವಾ. ಕೊನಿ ಮನಿಗೆ ಮುಟ್ಟಿಸೋದು ಕೆಲಸ’ ಎಂದಿದ್ದರು.

ನಿವೃತ್ತಿಯ ದಿನ ಚಾವಿಯನ್ನು ಒಪ್ಪಿಸಿ ಬಂದು, ಅತ್ತೆಯ ಎದುರು ಕುಳಿತು ಎರಡು ಕಪ್ ಚಹಾ ಕುಡಿದರು. ಎರಡು ವರ್ಷಕ್ಕೆ ಅತ್ತೆ ಹೋದರು. ಮನೆಯಲ್ಲಿ ಉಳಿದವರು ನಾವು ಮೂವರು. ಅದರಲ್ಲಿಯೂ ನನ್ನ ಗಂಡ ಲಾರಿ ಓಡಿಸುವವರು, ಹೈದರಾಬಾದು ಸೊಲ್ಲಾಪುರ ಎಂದು ವಾರದಲ್ಲಿ ನಾಲ್ಕು ದಿನ ಹೈವೇಯ ಮೇಲೆಯೇ. ನಾನು ಬಸವಕಲ್ಯಾಣದ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆ. ಬೆಳಿಗ್ಗೆ ಬಸ್ಸು ಹಿಡಿದರೆ ಸಂಜೆಗೇ ಮನೆ. ನಡುವಿನ ಹೊತ್ತಿನಲ್ಲಿ ಮಾವ ಒಬ್ಬರೇ ಇರುತ್ತಿದ್ದರು. ಎದುರು ಮನೆಯ ಕಾಕು ಮಧ್ಯಾಹ್ನ ಬಂದು, ನಾನು ಮುಚ್ಚಿಟ್ಟ ರೊಟ್ಟಿ ಪಲ್ಲೆಯನ್ನು ಅವರಿಗೆ ಬಡಿಸಿ ಹೋಗುತ್ತಿದ್ದರು.

ಹಿತ್ತಲಿನ ತೋಟ ಮಾತ್ರ ನನ್ನದು. ನನ್ನ ತವರು ಮುಡಬಿಯ ಕಡೆ. ಅಲ್ಲಿ ನಾವು ಮಳೆ ನಂಬಿ ತೊಗರಿ ಬಿತ್ತುವವರು. ಮನೆಯ ಹಿಂದೆ ಹಸಿರು ಗಿಡ ಎನ್ನುವುದು ಬೇರೆಯವರ ಭಾಗ್ಯ ಎಂದುಕೊಂಡು ಬೆಳೆದವಳು ನಾನು. ಇಲ್ಲಿ ಬಂದ ಮೇಲೆ ಮೂವತ್ತು ಅಡಿಯ ಆ ಜಾಗದಲ್ಲಿ ಬದನೆ, ಟೊಮೆಟೊ, ಪುಂಡಿಪಲ್ಲೆ, ಒಂದು ನಿಂಬೆ, ಗೋಡೆಯ ಕೊನೆಗೆ ಎರಡು ಮಲ್ಲಿಗೆ ಬಳ್ಳಿ ಹಚ್ಚಿದ್ದೆ. ಮಕ್ಕಳಿಲ್ಲದ ಮನೆ. ಸಂಜೆ ಬಂದು ಚಪ್ಪಲಿ ಬಿಡುವ ಮೊದಲು ಹಿತ್ತಲಿಗೆ ಹೋಗಿ ಒಮ್ಮೆ ನೋಡಿಬರುವ ರೂಢಿಯಾಗಿತ್ತು.

ಮಾವನ ಮರೆವು ಶುರುವಾಗಿದ್ದು ಸಣ್ಣಸಣ್ಣದರಿಂದ. ಉಂಡು ಕೈ ತೊಳೆದ ಮೇಲೆ ‘ಊಟಕ್ಕ ಹಾಕವ್ವ’ ಎನ್ನುವರು. ತೀರಿಹೋದ ಅತ್ತೆಯನ್ನು ಕೂಗುವರು. ಬೀದರಿನ ಡಾಕ್ಟರು ತಲೆಯ ಫೋಟೋ ತೆಗೆಸಿ ನೋಡಿ, ಇದು ವಾಸಿಯಾಗುವಂಥದಲ್ಲ, ವಾದ ಮಾಡಬೇಡಿ, ಕೈಗೆ ಏನಾದರೂ ಕೆಲಸ ಇರಲಿ ಎಂದರು. ಆ ಕೆಲಸವನ್ನು ಮಾವ ತಾವೇ ಹುಡುಕಿಕೊಂಡರು. ನನ್ನ ತೋಟಕ್ಕೆ ನೀರು ಹಾಕತೊಡಗಿದರು.

ಮೊದಲ ಒಂದು ತಿಂಗಳು ನನಗೆ ಸಂತೋಷವೇ ಆಯಿತು. ಆಮೇಲೆ ನೋಡಿದರೆ, ಅವರು ನೀರು ಹಾಕಿದ್ದನ್ನು ಮರೆತು ಮತ್ತೆ ಹಾಕುತ್ತಿದ್ದರು. ಅರ್ಧ ತಾಸಿಗೊಮ್ಮೆ ಪೈಪು ಹಿಡಿದು ನಿಲ್ಲುವರು. ಮಾಳಿಗೆಯ ಮೇಲಿನ ನೀರಿನ ಟಾಕಿ ಮಧ್ಯಾಹ್ನಕ್ಕೇ ಖಾಲಿ. ನಮ್ಮದು ಎರೆಮಣ್ಣು, ಹೀರಿಕೊಂಡ ನೀರನ್ನು ಬಿಡುವುದಿಲ್ಲ. ಬದನೆಯ ಬೇರು ಕೊಳೆತು ಗಿಡಗಳು ಒಂದರ ಮೇಲೊಂದು ವಾಲಿ ಬಿದ್ದವು. ನಿಂಬೆ ಹಳದಿಯಾಗಿ ಎಲೆ ಉದುರಿಸಿತು. ನಾನು ಹೇಳಿದರೆ, ‘ಹೌದೇನು? ನಾ ಇವತ್ತ ಬಿಟ್ಟೇ ಇಲ್ಲಲ್ಲ’ ಎಂದು ನಿಜವಾಗಿಯೂ ಬೆರಗಾಗುತ್ತಿದ್ದರು.

ಬಸವಕಲ್ಯಾಣದಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಹೊಲದ ಪೈಪು, ಮೋಟಾರು ಮಾರುವ ಅಂಗಡಿ ಇದೆ. ಒಂದು ದಿನ ಆಫೀಸು ಬಿಟ್ಟು ಬರುವಾಗ ಒಳಗೆ ಹೋದೆ. ಅಂಗಡಿಯವರು ವಯಸ್ಸಾದವರು, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡೇ ಮಾತಾಡುವವರು.

‘ಎಷ್ಟ ಎಕರೆಗ್ರಿ, ಅಕ್ಕೋರ?’

‘ಎಕರೆ ಇಲ್ರಿ, ಹಿತ್ತಲಕ್ಕ. ತಾನೇ ಬಿಟ್ಟು ತಾನೇ ಬಂದ್ ಆಗಬೇಕು. ಮನ್ಯಾಗ ಯಾರೂ ಕೈ ಹಚ್ಚಬಾರದು.’

ಅವರು ಎರಡು ಟೈಮರು ತೆಗೆದು ಮೇಜಿನ ಮೇಲಿಟ್ಟರು. ‘ಇದಕ್ಕ ಪ್ರೆಶರ್ ಬೇಕು, ನಿಮ್ಮ ಟಾಕಿ ನೀರಿಗೆ ನಡೆಯಂಗಿಲ್ಲ. ಇದು ನೋಡ್ರಿ, ಒಳಗ ಸಣ್ಣ ಮೋಟಾರ್ ಅದ, ಗುಂಡ ತಿರುಗಿಸಿ ನೀರಿಗೆ ದಾರಿ ಬಿಡ್ತದ. ಸೆಲ್ ಹಾಕಿ ಟೈಮ್ ಹಚ್ಚಿಬಿಟ್ರ ನೀವು ಕಾಶಿಗೆ ಹೋದ್ರೂ ಗಿಡಕ್ಕ ನೀರು ತಪ್ಪಂಗಿಲ್ಲ. ಮನ್ಯಾಗ ಯಾರು ಕೈ ಹಚ್ಚತಾರ, ಮಕ್ಕಳೇನ್ರಿ?’

‘ಹೂಂ’ ಎಂದೆ. ಯಾಕೆ ಹಾಗೆಂದೆನೋ.

ಮುಂದಿನ ಭಾನುವಾರ ಗಂಡ ಮನೆಯಲ್ಲಿದ್ದರು. ಇಬ್ಬರೂ ಸೇರಿ ಟಾಕಿಯಿಂದ ಇಳಿದ ಕೊಳವೆಗೆ ಸೋಸುವ ಜಾಳಿಗೆ, ಅದರ ಮುಂದೆ ಟೈಮರು, ಅಲ್ಲಿಂದ ಕರೀ ಪೈಪು ಎಳೆದೆವು. ಪೈಪಿನ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ ಜೋಡಿಸಬೇಕು. ನಾನು ಚಹಾದ ಪಾತ್ರೆಯಲ್ಲಿ ನೀರು ಕಾಯಿಸಿ ತಂದು ಕೊಡುತ್ತಿದ್ದೆ. ಗಿಡದ ಬುಡಕ್ಕೊಂದರಂತೆ ಪೈಪಿಗೆ ತೂತು ಹೊಡೆದು ಹನಿ ಬೀಳಿಸುವ ಪ್ಲಾಸ್ಟಿಕ್ ಗುಂಡಿಗಳನ್ನು ಚುಚ್ಚಿದೆವು. ಮಾವ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ನೋಡಿದರು. ಪೈಪು ಕಂಡರೆ ಅವರ ಕಣ್ಣು ಬೇರೆಯೇ ಆಗುತ್ತಿತ್ತು.

‘ಇದಕ್ಕ ನೀರು ಬಿಡೋರು ಯಾರು?’ ಎಂದು ಕೇಳಿದರು.

‘ಯಾರೂ ಬ್ಯಾಡ್ರಿ ಮಾವ. ಟೈಮಿಗೆ ಬರಾಬರ್ ತಾನೇ ಬಿಡ್ತದ.’

‘ತಾನೇ ಬಿಡೋ ನೀರು ಅಂದ್ರ ಸೋರೋ ನೀರು, ಯವ್ವಾ.’

ನನ್ನ ಗಂಡ ಜೋರಾಗಿ ನಕ್ಕರು. ನಾನೂ ನಕ್ಕೆ.

ನಾಲ್ಕನೆಯ ದಿನ ಸಂಜೆ ಬಂದು ನೋಡಿದರೆ ಹಿತ್ತಲಿನಲ್ಲಿ ಪೈಪಿನ ಉದ್ದಕ್ಕೂ ಬಿಳಿಯ ಗಂಟುಗಳು. ಮಾವ ತಮ್ಮ ಧೋತರವನ್ನು ಹರಿದು ಚಿಂದಿ ಮಾಡಿ, ಹನಿ ಬೀಳುವ ಒಂದೊಂದು ಕಡೆಯೂ ಬಿಗಿಯಾಗಿ ಕಟ್ಟಿದ್ದರು. ಬೆಳಿಗ್ಗೆಯಿಂದ ಕುಕ್ಕುರುಗಾಲಿನಲ್ಲಿ ಕುಳಿತು ಅದೇ ಕೆಲಸ ಮಾಡಿದ್ದಾರೆಂದು ಕಾಕು ಹೇಳಿದರು. ‘ಎಷ್ಟ ಕಡೆ ಲೀಕ್ ಆಗಾಕತ್ತದ ನೋಡವ್ವ. ಎಲ್ಲಾ ಬಂದೋಬಸ್ತ್ ಮಾಡೀನಿ’ ಎಂದು ಮಾವ ಹಣೆಯ ಬೆವರು ಒರೆಸಿಕೊಂಡರು. ಮೆಚ್ಚುಗೆಯ ಮಾತಿಗೆ ಕಾದು ನಿಂತಿದ್ದರು.

ಆ ದಿನ ಆಫೀಸಿನಲ್ಲಿ ಬೈಸಿಕೊಂಡು ಬಂದಿದ್ದೆ. ಬಸ್ಸಿನಲ್ಲಿ ನಿಂತೇ ಬಂದಿದ್ದೆ. ಇವೆಲ್ಲ ಈಗ ಹೇಳಿಕೊಳ್ಳುವ ನೆಪಗಳು. ನಾನು ಚಿಂದಿಗಳನ್ನು ಕಿತ್ತು ಕಿತ್ತು ಅವರ ಕಾಲ ಬಳಿ ಎಸೆದೆ. ‘ನಿಮ್ಮ ಕೆಲಸ ಯಾವತ್ತೋ ಮುಗದದ್ರಿ ಮಾವ. ಇನ್ನ ಮ್ಯಾಲ ಈ ಮನ್ಯಾಗ ನೀರಿಗೆ ನೀವು ಕೈ ಹಚ್ಚಬ್ಯಾಡ್ರಿ’ ಎಂದೆ. ಅಷ್ಟಕ್ಕೇ ನಿಲ್ಲಲಿಲ್ಲ. ಹಿತ್ತಲಿನ ನಳದ ಹಿಡಿಕೆಯನ್ನು ಬಿಚ್ಚಿ ಒಳಗೆ ಅಲಮಾರಿನಲ್ಲಿಟ್ಟೆ. ಟೈಮರನ್ನು ಒಂದು ತಗಡಿನ ಪೆಟ್ಟಿಗೆಯಲ್ಲಿ ಮುಚ್ಚಿ ಬೀಗ ಹಾಕಿದೆ. ಮಾವ ಚಿಂದಿಗಳನ್ನು ಒಂದೊಂದಾಗಿ ಆರಿಸಿಕೊಂಡು, ಮಡಿಚಿ, ಅಂಗಿಯ ಕಿಸೆಯಲ್ಲಿಟ್ಟುಕೊಂಡರು.

ತೋಟ ಸುಧಾರಿಸಿತು. ನಿಂಬೆ ಹೊಸ ಚಿಗುರು ಬಿಟ್ಟಿತು. ಮಾವ ಹಿತ್ತಲಿನ ಬಾಗಿಲಲ್ಲಿ ನಿಂತು, ಹಿಡಿಕೆಯಿಲ್ಲದ ನಳವನ್ನು ನೋಡಿ ವಾಪಸು ಬರುವರು.

ಮೂರು ವಾರ ಕಳೆದಿರಬಹುದು. ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಕಾಕು ಫೋನು ಮಾಡಿದರು. ‘ಬಾಗಲ ತೆರದದ, ಮಾವ ಇಲ್ಲ. ಓಣಿ ಎಲ್ಲ ನೋಡಿದೆ. ಜಲ್ದಿ ಬಾರವ್ವ.’ ಗಂಡ ಆಗ ಸೊಲ್ಲಾಪುರದ ಆಚೆ ಇದ್ದರು. ಬಸವಕಲ್ಯಾಣದಿಂದ ಹುಮನಾಬಾದಿಗೆ ಆ ಬಸ್ಸು ಎಷ್ಟು ನಿಧಾನ ಬಂತೆಂದು ನನಗೇ ಗೊತ್ತು. ಕಿಟಕಿಯಿಂದ ರಸ್ತೆಯ ಬದಿಯ ಪ್ರತಿ ಮುದುಕನ ಮುಖವನ್ನೂ ನೋಡುತ್ತ ಬಂದೆ. ಬಸ್‌ಸ್ಟ್ಯಾಂಡಿನಲ್ಲಿ ಆಟೋದವರನ್ನು ಕೇಳಿದಾಗ ಒಬ್ಬರು, ‘ನಳ ಬಿಡೋ ಅಜ್ಜಾರೇನ್ರಿ? ಮಾಣಿಕನಗರದ ರಸ್ತೆಕ್ಕ ಕುಂತಾರ, ನಾ ಈಗ ನೋಡಿ ಬಂದೆ’ ಎಂದು ನನ್ನನ್ನು ಹತ್ತಿಸಿಕೊಂಡರು.

ಸುಡುಬಿಸಿಲು. ರಸ್ತೆಯ ಮೂಲೆಯ ಒಂದು ಹಳೆಯ ಗುಂಡಿಯ ಕಲ್ಲನ್ನು ಅದು ಹೇಗೆ ಸರಿಸಿದ್ದರೋ, ಅಂಚಿನಲ್ಲಿ ಕುಳಿತು ತೋಳಿನವರೆಗೂ ಕೈ ಇಳಿಬಿಟ್ಟಿದ್ದರು. ಒಳಗೆ ಮಣ್ಣು, ಕಸ ತುಂಬಿತ್ತು. ಎದುರಿನ ಅಂಗಡಿಯವರು ತಂದಿಟ್ಟ ಚಹಾ ಪಕ್ಕದಲ್ಲಿ ಆರಿಹೋಗಿತ್ತು. ಉಗುರುಗಳಲ್ಲಿ ರಕ್ತ ಕಾಣುತ್ತಿತ್ತು.

‘ಏನ್ ಮಾಡಾಕತ್ತೀರಿ ಮಾವ? ಏಳ್ರಿ, ಮನಿಗೆ ಹೋಗೋಣು.’

ನನ್ನನ್ನು ಗುರುತಿಸಿದರೋ ಇಲ್ಲವೋ. ‘ವಾಲ್ ಸಿಗವಲ್ದು ಯವ್ವಾ. ಮಂದಿ ಕೊಡ ಇಟಗೊಂಡು ಕಾಯಾಕತ್ತಾರ. ಚಾವಿ ಯಾರೋ ತಗೊಂಡು ಹೋಗ್ಯಾರ’ ಎಂದರು. ನಾನು ಅವರ ಪಕ್ಕದಲ್ಲಿ, ಆ ಬಿಸಿಲಿನಲ್ಲಿ, ನೆಲದ ಮೇಲೆಯೇ ಕುಳಿತುಬಿಟ್ಟೆ. ಬಹಳ ಹೊತ್ತಿನ ಮೇಲೆ ಆಟೋದವರೇ ಅವರ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದರು.

ಮರುದಿನ ಮತ್ತೆ ಆ ಅಂಗಡಿಗೆ ಹೋದೆ. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಸಾಮಾನಿನಲ್ಲಿ ಒಂದು ಹಿತ್ತಾಳೆಯ ವಾಲ್ ಸಿಕ್ಕಿತು, ಮೇಲೆ ದುಂಡನೆಯ ಕಬ್ಬಿಣದ ಚಕ್ರವಿದ್ದದ್ದು. ಗಂಡ ಬಂದಾಗ ಹಿತ್ತಲಿನ ಗೋಡೆಯ ಪಕ್ಕ ಮೊಳಕಾಲೆತ್ತರದ ಒಂದು ಕೊಳವೆ ನೆಡಿಸಿ, ಅದರ ಮೇಲೆ ಆ ವಾಲ್ ಕೂರಿಸಿದೆವು. ಕೊಳವೆ ನೆಲದೊಳಗೆ ಒಂದು ಗೇಣು ಇಳಿದು ಅಲ್ಲಿಗೇ ಮುಗಿಯುತ್ತಿತ್ತು. ತುದಿಗೊಂದು ಮುಚ್ಚಳ. ಯಾವುದಕ್ಕೂ ಜೋಡಣೆಯಿಲ್ಲ.

‘ಅಪ್ಪಗ ಸುಳ್ಳ ವಾಲ್ ಕೊಡೋದೇನ?’ ಎಂದು ಗಂಡ ಮಣ್ಣು ಮುಚ್ಚುತ್ತ ಕೇಳಿದರು.

‘ಖರೇದ ಕೊಟ್ರ ದಿನಕ್ಕ ಇಪ್ಪತ್ತ ಸಲ ತಿರುವತಾರ್ರಿ. ಮತ್ತ ಗಿಡ ಎಲ್ಲ ಹೋಗ್ತಾವ.’

ಟೈಮರಿಗೆ ಬೆಳಿಗ್ಗೆ ಆರೂವರೆ ಹಚ್ಚಿದೆ. ಅದಕ್ಕೆ ಎರಡು ನಿಮಿಷ ಮೊದಲು ಮಾವನ ಕೈ ಹಿಡಿದು ಕರೆದುಕೊಂಡು ಹೋಗಿ, ‘ನೀರು ಬಿಡ್ರಿ ಮಾವ, ಟೈಮ್ ಆತು’ ಎಂದೆ. ಅವರು ಚಕ್ರವನ್ನು ನೋಡಿದರು, ಅಂಗೈಯಿಂದ ಒರೆಸಿದರು, ಎರಡೂ ಕೈಯಿಂದ ಹಿಡಿದು ತಿರುವಿದರು. ತಗಡಿನ ಪೆಟ್ಟಿಗೆಯೊಳಗೆ ಟೈಮರು ಗುರ್ ಎಂದಿತು. ಬದನೆಯ ಬುಡದಲ್ಲಿ ಮೊದಲ ಹನಿ ಬಿತ್ತು. ಮಾವನ ಮುಖದಲ್ಲಿ ಆಗ ಬಂದದ್ದನ್ನು ಅತ್ತೆ ಹೋದ ಮೇಲೆ ನಾನು ಕಂಡಿರಲಿಲ್ಲ.

ಹಾಗೆ ನಾಲ್ಕೈದು ತಿಂಗಳು ನಡೆಯಿತು. ಬೆಳಿಗ್ಗೆ ಬಿಡುವುದು, ಮುಕ್ಕಾಲು ತಾಸಿನ ಮೇಲೆ ಬಂದ್ ಮಾಡುವುದು. ಹಗಲಿನಲ್ಲಿ ಎಷ್ಟು ಸಲ ತಿರುವಿದರೂ ಗಿಡಗಳಿಗೆ ಕೇಡಿರಲಿಲ್ಲ. ಒಮ್ಮೆ ಅವರು ಮಲ್ಲಿಗೆಯ ಬುಡ ಮುಟ್ಟಿ ನೋಡಿ, ‘ಕೊನಿ ಮನಿಗೆ ನೀರು ಕಮ್ಮಿ ಬರಾಕತ್ತದ. ಮೊದಲಿನ ಮನಿಯೋರದ ಜರಾ ಬಂದ್ ಮಾಡು’ ಎಂದರು. ನಾನು ಪರೀಕ್ಷಿಸಿದೆ. ಹೌದು, ಟಾಕಿಯ ನೀರಿನ ಒತ್ತಡ ಅಷ್ಟು ದೂರ ಸಾಲುತ್ತಿರಲಿಲ್ಲ. ಎರಡು ಮೂರು ಹನಿ ಗುಂಡಿಗಳನ್ನು ಬದಲಿಸಿದ ಮೇಲೆ ಮಲ್ಲಿಗೆ ಮೊಗ್ಗು ಹಿಡಿಯಿತು. ನಾನು ತಿಂಗಳುಗಟ್ಟಲೆ ಗಮನಿಸದೆ ಇದ್ದುದನ್ನು ಅವರು ಬೆರಳಿನಿಂದ ಕಂಡುಹಿಡಿದಿದ್ದರು. ಆ ದಿನ ಅವರಿಗೆ ಮೊಗ್ಗು ತೋರಿಸುವಾಗ ನನಗೆ ಅವರ ಮುಖ ನೋಡಲಾಗಲಿಲ್ಲ. ಆದರೂ ಸುಳ್ಳನ್ನು ಹಾಗೆಯೇ ನಡೆಸಿಕೊಂಡು ಹೋದೆ. ಅದು ಅಷ್ಟು ಸಲೀಸಾಗಿ ನಡೆಯುತ್ತಿತ್ತು. ಓಣಿಯಲ್ಲಿ ಎಲ್ಲರೂ ನನ್ನ ಉಪಾಯವನ್ನು ಹೊಗಳುತ್ತಿದ್ದರು.

ಟೈಮರಿನ ಸೆಲ್ ಮುಗಿಯುವಾಗ ಕೆಂಪು ದೀಪ ಮಿಣುಕುತ್ತದೆ. ಮಿಣುಕುವುದನ್ನು ನಾನು ಎರಡು ದಿನ ನೋಡಿದ್ದೆ. ಸಂಜೆ ತಂದರಾಯಿತು ಎಂದುಕೊಂಡೆ, ಮರೆತೆ.

ಮೂರನೆಯ ಬೆಳಿಗ್ಗೆ ಮಾವ ಚಕ್ರ ತಿರುವಿದರು. ನೀರು ಬರಲಿಲ್ಲ. ನಾನು ಮೊಬೈಲಿನಲ್ಲಿ ಗಂಟೆ ನೋಡಿದೆ. ಆರೂವರೆ ದಾಟಿತ್ತು. ‘ಟಾಕಿ ನೋಡಿ ಬರ್ತೀನ್ರಿ ಮಾವ’ ಎಂದು ಹೇಳಿ, ಮನೆಯೊಳಗೆ ಹೋಗಿ ಗೋಡೆಯ ಗಡಿಯಾರದ ಸೆಲ್ ಬಿಚ್ಚಿ ನೋಡಿದೆ. ಅದು ಹೊಂದುವಂಥದಲ್ಲ. ಟಾರ್ಚಿನ ಸೆಲ್ ಹುಡುಕಿದೆ. ಅಲಮಾರು ತೆಗೆದು, ಮೇಜಿನ ಖಾನೆ ತೆಗೆದು, ಸೆಲ್ ಸಿಕ್ಕು ಹೊರಗೆ ಬರುವಷ್ಟರಲ್ಲಿ ಕಾಲು ತಾಸಾಗಿರಬೇಕು.

ಮಾವ ವಾಲಿನ ಬುಡದಲ್ಲಿ ಕುಳಿತಿದ್ದರು. ಅಕ್ಕಪಕ್ಕ ಹಸಿ ಮಣ್ಣಿನ ಗುಡ್ಡೆ. ಕೊಳವೆಗೆ ಕಿವಿ ಹಚ್ಚಿ ಕೇಳಿರಬೇಕು, ಕೆನ್ನೆಯ ಒಂದು ಕಡೆ ಮಣ್ಣು ಮೆತ್ತಿತ್ತು. ಕೈಯಿಂದಲೇ ನೆಲ ಬಗೆದು ಕೊಳವೆಯ ತುದಿಯವರೆಗೆ ಹೋಗಿದ್ದರು. ಆ ಮುಚ್ಚಳ ಅವರ ಅಂಗೈಯಲ್ಲಿತ್ತು.

‘ಇದರ ಹಿಂದ ಏನೂ ಇಲ್ಲ’ ಎಂದರು.

ಅವರು ತಲೆ ಎತ್ತಿದರು. ಆ ಕಣ್ಣುಗಳಲ್ಲಿ ಆ ಹೊತ್ತು ಯಾವ ಮಂಜೂ ಇರಲಿಲ್ಲ. ನಾನು ಮದುವೆಯಾಗಿ ಬಂದಾಗ ಕಂಡ ಮನುಷ್ಯನೇ ನನ್ನೆದುರು ಕುಳಿತಿದ್ದ.

‘ಯಾರು ಹಚ್ಚಿದ್ದು ಇದು?’

‘ನಾನ್ರಿ, ಮಾವ.’

‘ನನ್ನ ಸಲುವಾಗಿ?’

‘ಹೌದ್ರಿ.’

ಮುಚ್ಚಳದ ಮಣ್ಣನ್ನು ಹೆಬ್ಬೆರಳಿನಿಂದ ಉಜ್ಜಿ ತೆಗೆದರು. ‘ಇಡೀ ಊರಿಗೆ ನೀರು ಬಿಟ್ಟೀನಿ. ಎಷ್ಟೋ ದಿನ ನೀರು ಇರತಿರಲಿಲ್ಲ. ಇಲ್ಲ ಅಂದ್ರ ಇಲ್ಲ ಅಂತ ಬಾಗಲಕ್ಕ ಹೋಗಿ ಹೇಳಿ, ಬೈಸಿಕೊಂಡು ಬಂದೀನಿ. ಬರೇ ಚಾವಿ ತಿರುವಿ ಬಿಟ್ಟೀನಿ ಅಂತ ಒಬ್ಬರಿಗೂ ಸುಳ್ಳ ಹೇಳಿಲ್ಲ’ ಎಂದರು. ಸಿಟ್ಟಿರಲಿಲ್ಲ. ದಣಿದವರು ಹೇಳಿದ ಹಾಗೆ ಹೇಳಿದರು. ಮುಚ್ಚಳವನ್ನು ನನ್ನ ಕೈಗಿಟ್ಟು, ಗೋಡೆ ಹಿಡಿದು ಎದ್ದು, ಒಳಗೆ ಹೋದರು.

ಆ ದಿನ ಕೆಲಸಕ್ಕೆ ರಜೆ ಹಾಕಿ ನಳದ ಮಿಸ್ತ್ರಿಯನ್ನು ಕರೆಸಿದೆ. ಟಾಕಿಯಿಂದ ಬರುವ ದಾರಿಗೇ ಆ ಹಿತ್ತಾಳೆಯ ವಾಲನ್ನು ಜೋಡಿಸಿ, ಅದರ ಮುಂದೆ ಟೈಮರು ಬರುವಂತೆ ಮಾಡಿಸಿದೆ. ಈಗ ವಾಲ್ ತೆರೆದಿದ್ದರೆ ಮಾತ್ರ ಟೈಮರಿಗೆ ನೀರು. ಟೈಮರು ತನ್ನ ಹೊತ್ತಿಗೆ ಮಾತ್ರ ಬಿಡುವುದರಿಂದ ಹಗಲೆಲ್ಲ ತಿರುವಿದರೂ ಗಿಡಗಳಿಗೆ ಹೆಚ್ಚಾಗುತ್ತಿರಲಿಲ್ಲ. ಮಿಸ್ತ್ರಿ ಒಂದು ತಾಸಿನೊಳಗೆ ಕೆಲಸ ಮುಗಿಸಿಬಿಟ್ಟರು. ಇಷ್ಟು ಸಣ್ಣ ಬದಲಾವಣೆ. ಮೊದಲ ದಿನವೇ ಹೀಗೆ ಮಾಡಬಹುದಿತ್ತು. ಆಗ ನನಗೆ ಅದು ಹೊಳೆಯಲಿಲ್ಲ. ಹೊಳೆಯುವವರೆಗೆ ಯೋಚಿಸಲೂ ಇಲ್ಲ. ನನ್ನ ಗಿಡಗಳು ಉಳಿದರೆ ಸಾಕಾಗಿತ್ತು.

ಮರುದಿನ ಬೆಳಿಗ್ಗೆ ಕರೆದೆ. ‘ಈಗ ಖರೇನ ನೀರು ಅದ್ರಿ ಮಾವ. ಬಂದು ನೋಡ್ರಿ, ಕಿವಿ ಹಚ್ಚಿ ಕೇಳ್ರಿ.’ ಅವರು ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಅದರ ಮರುದಿನವೂ ಕರೆದೆ. ಒಂದು ವಾರದ ಮೇಲೆ ‘ಯಾವ ನೀರು?’ ಎಂದು ಕೇಳಿದರು. ಮರೆವು ಆ ಬೆಳಗನ್ನು ಅಳಿಸಿಹಾಕಿತ್ತೋ, ಅಥವಾ ಅದೊಂದನ್ನೇ ಉಳಿಸಿ ಬೇರೆಲ್ಲವನ್ನೂ ಅಳಿಸಿತ್ತೋ, ನನಗೆ ತಿಳಿಯಲಿಲ್ಲ. ಅವರು ಮತ್ತೆ ಹಿತ್ತಲಿಗೆ ಬರಲಿಲ್ಲ. ಮಳೆಗಾಲದ ಹೊತ್ತಿಗೆ ಊಟ ಕಡಿಮೆಯಾಯಿತು. ಚಮಚದಿಂದ ಗಂಜಿ ಕುಡಿಸುವಾಗ ಬಾಯಿ ತೆರೆಯುವರು, ನನ್ನನ್ನು ನೋಡುವರು. ಎದೆಯಲ್ಲಿ ಕಫ ಕಟ್ಟಿ, ಬೀದರಿನ ಆಸ್ಪತ್ರೆಯಲ್ಲಿ ಐದು ದಿನ ಇದ್ದು ಹೋದರು.

ಮಣ್ಣು ಕೊಡುವ ದಿನ ಹತ್ತಾರು ಓಣಿಗಳ ಹೆಂಗಸರು ಬಂದಿದ್ದರು, ನಾನು ಎಂದೂ ನೋಡದವರು.

ಮಾವನ ಹೆಸರಿನಲ್ಲಿ ದಿನ ಮಾಡಿದ ಊಟದಲ್ಲಿ ನಂಟರೆಲ್ಲ ಸಾಲಾಗಿ ಕುಳಿತಿದ್ದರು. ನಾನು ಹೋಳಿಗೆ ಬಡಿಸುತ್ತಿದ್ದೆ. ನನ್ನ ಗಂಡ ನಾರಾಯಣಪುರದಿಂದ ಬಂದ ತಮ್ಮ ಸೋದರಮಾವನಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು. ‘ಅಪ್ಪ ಕೊನೀ ತನಕ ಖುಷಿಲೆ ಇದ್ದ. ಇಕಿ ಒಂದು ಸುಳ್ಳ ವಾಲ್ ಹಚ್ಚಿಕೊಟ್ಟಿದ್ಳು. ಊರಿಗೆಲ್ಲ ತಾನೇ ನೀರು ಬಿಡಾಕತ್ತೀನಿ ಅಂತ ತಿಳಕೊಂಡೇ ಹೋದ. ಆಮ್ಯಾಲ ಕೈಲಾಗಲಿಲ್ಲ, ಬಿಟ್ಟ.’

ಸೋದರಮಾವ ನನ್ನ ಕಡೆ ನೋಡಿದರು. ಅವರ ಕಣ್ಣು ತುಂಬಿತ್ತು. ‘ಪುಣ್ಯಾತಗಿತ್ತಿ ಇದ್ದಿ ತಂಗಿ’ ಎಂದರು.

ಮಾವ ನೆಲ ಬಗೆದು ಮುಚ್ಚಳ ತೆಗೆದ ಆ ಬೆಳಿಗ್ಗೆ ಗಂಡ ಲಾರಿಯ ಮೇಲಿದ್ದರು. ಅಂದು ನಡೆದದ್ದನ್ನು ನಾನು ಅವರಿಗೆ ಹೇಳಿರಲಿಲ್ಲ. ವಾಲನ್ನು ಟಾಕಿಯ ದಾರಿಗೆ ಹಚ್ಚಿಸಿದೆ ಎಂದಷ್ಟೇ ಹೇಳಿದ್ದೆ. ಅಪ್ಪ ಖುಷಿಯಿಂದ ಹೋದ ಎಂಬುದೊಂದೇ ಅವರ ಹತ್ತಿರ ಉಳಿದಿತ್ತು, ಈಗ ಹೇಳಿದರೆ ಅದೂ ಹೋಗುತ್ತದೆ. ಬುಟ್ಟಿ ಹಿಡಿದು ಸೋದರಮಾವನ ಎಲೆಯ ಮುಂದೆ ಬಗ್ಗಿದೆ. ‘ಇನ್ನೊಂದು ಹಾಕ್ಲೇನ್ರಿ?’ ಎಂದು ಕೇಳಿ, ಅವರು ಬೇಡವೆಂದು ಕೈ ಅಡ್ಡ ಹಿಡಿದರೂ ಒಂದು ಹೋಳಿಗೆ ಇಟ್ಟು, ಮುಂದಿನವರ ಬಳಿಗೆ ಹೋದೆ.